ವಚನಪಿತಾಮಹ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು

ಶಿವಶರಣರ ವಚನಗಳು ಇಂದು ಎಲ್ಲರಿಗೂ ಸುಲಭವಾಗಿ ದೊರೆಯುತ್ತವೆ. ಶಾಲೆಯ ಬಾಲಕರು ಅವನ್ನು ಕಂಠಪಾಠ ಮಾಡುವರು. ಗವಾಯಿಗಳು ಸಭೆಗಳಲ್ಲಿ ಹಾಡುವರು. ಪ್ರವಚನಕಾರರು ಪುಸ್ತಕದ ಪುಟವನ್ನು ತೆರೆದು ಅರ್ಥ ಹೇಳುವರು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರಿಸ್ಥಿತಿಯು ಹೀಗಿರಲಿಲ್ಲ. ಅಲ್ಲೊಂದು ಇಲ್ಲೊಂದು ವಚನಗ್ರಂಥವು ಅಚ್ಚಾಗಿದ್ದುದು ನಿಜ. ಉಳಿದ ಅಪಾರವಾದ ರಾಶಿಯು ಓಲೆಗರಿಗಳಲ್ಲಿ ಅಡಗಿ, ಹಳ್ಳಿಗಳ ಮನೆಗಳ ದೇವರ ಜಗುಲಿಯ ಮೇಲೆಯೂ ಮಠಗಳ ಕತ್ತಲೆಯ ಕೋಣೆಗಳಲ್ಲಿಯೂ ಬಿದ್ದುಕೊಂಡಿತ್ತು. ಅದನ್ನು ಹೊರಗೆ ತಂದ ಮಹನೀಯರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಪಾಂಡಿತ್ಯವನ್ನು ಕೊಂಡಾಡಿದವರು ಅನೇಕರು. ಅವರು ಜನರ ನಂಬಿಕೆಯನ್ನು ಸಂಪಾದಿಸಿದ ಬಗೆಯಾದರೋ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಹಳ್ಳಿಯ ಒಕ್ಕಲಿಗನು, ನೇಕಾರನು, ಮಠದ ಅಯ್ಯನವರು ತಲೆತಲಾಂತರದಿಂದ ಪೂಜಿಸಿದ ಕಟ್ಟನ್ನು ಬಿಚ್ಚಿ ಕೊಡದೆ ಇದ್ದಿದ್ದರೆ ಆ ಪಾಂಡಿತ್ಯಕ್ಕೆ ಮಾಡಲು ಕೆಲಸವೇ ಇರುತ್ತಿರಲಿಲ್ಲ.

ಹಳಕಟ್ಟಿಯವರು 1880ನೆಯ ಇಸ್ವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು, ತಾಯಿ ದಾನಾದೇವಿಯವರು. ಎಳೆತನದಲ್ಲಿಯೇ ಮಾತೃವಿಯೋಗವಾದುದರಿಂದ ಅಜ್ಜಿಯೇ ಮಗುವನ್ನು ಸಾಕಿದರು. ಫಕೀರಪ್ಪನೆಂಬ ಹೆಸರು ದೂರದೇಶದವರಿಗೆ ವಿಚಿತ್ರವಾಗಿ ತೋರಬಹುದು. ಶಿರಹಟ್ಟಿಯ ಫಕೀರೇಶ್ವರ ಮಠದ ಕೀರ್ತಿಯು ಹಬ್ಬಿದ ಆ ಸೀಮೆಯಲ್ಲಿ ಅದು ಲಿಂಗವಂತರ ಮನೆಗಳಲ್ಲಿ ರೂಢಿಯ ಹೆಸರೇ ಆಗಿರುವುದು. ಧಾರವಾಡದಲ್ಲಿ ಪ್ರವೇಶ ಪರೀಕ್ಷೆಯವರೆಗೆ ಓದಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ ಬಿ.ಎ. ಪದವಿಯನ್ನು ಪಡೆದರು, 1904ರಲ್ಲಿ ಕಾಯದೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು.

ಮುಂಬಯಿಯಲ್ಲಿ ಅವರ ಕಣ್ಣಿಗೆ ಬಿದ್ದುದು ಗುಜರಾಥಿ ಮತ್ತು ಮರಾಠಿ ಜನರ ಸಂಘಟನೆ. ಅವರಿಗೆ ತಮ್ಮ ಭಾಷೆಯ ಪತ್ರಿಕೆಗಳಿದ್ದವು, ವಾಚನಾಲಯಗಳಿದ್ದವು, ಒಬ್ಬರನ್ನೊಬ್ಬರು ಎತ್ತಿಹಿಡಿಯುವ ಸಂಘಗಳಿದ್ದವು. ಕನ್ನಡಿಗನಾದರೋ ಆ ಮಹಾನಗರದಲ್ಲಿ ತಾನು ಕನ್ನಡಿಗನೆಂದು ಹೇಳಿಕೊಳ್ಳಲೂ ಸಂಕೋಚಪಡುತ್ತಿದ್ದ ಕಾಲವದು. ಇದೇ ನೋವನ್ನು ಎದೆಯಲ್ಲಿಟ್ಟುಕೊಂಡು ಮರಳಿದ ಇನ್ನೊಬ್ಬರೆಂದರೆ ಆಲೂರ ವೆಂಕಟರಾಯರು. ಅವರು ಹಳಕಟ್ಟಿಯವರಿಗಿಂತ ಕೇವಲ ಹತ್ತು ದಿನ ಕಿರಿಯರು. ವೆಂಕಟರಾಯರು ವಿಜಾಪುರದಲ್ಲಿ ಹುಟ್ಟಿ ಧಾರವಾಡವನ್ನು ಕರ್ಮಭೂಮಿಯಾಗಿ ಮಾಡಿಕೊಂಡರು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಿಜಾಪುರಕ್ಕೆ ಹೋದರು. ಎರಡು ಊರುಗಳೂ ಹೀಗೆ ಒಂದಕ್ಕೊಂದು ಸಾಲ ತೀರಿಸಿಕೊಂಡಂತಾಯಿತು.

ಬೆಳಗಾವಿಯಲ್ಲಿ ಕೆಲವು ಕಾಲ ಇದ್ದು, 1904ರಲ್ಲಿಯೇ ಅವರು ವಿಜಾಪುರದಲ್ಲಿ ವಕೀಲಿಯನ್ನು ಆರಂಭಿಸಿದರು. 2014ರಿಂದ ವಿಜಯಪುರವೆಂದು ಕರೆಯಲ್ಪಡುವ ಈ ಪಟ್ಟಣವು ಆಗ ಮುಂಬಯಿ ಇಲಾಖೆಯ ಒಂದು ಬಡ ಜಿಲ್ಲೆಯ ಮುಖ್ಯಸ್ಥಳ. ಗೋಲಗುಮ್ಮಟದ ವೈಭವವಿದ್ದರೂ ಕುಡಿಯುವ ನೀರಿಗೆ ತತ್ವಾರ. ಸುತ್ತಲಿನ ಹಳ್ಳಿಗಳು ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗಿ, ಬಿತ್ತನೆಯ ಬೀಜಕ್ಕೂ ಸಾವಕಾರನ ಬಾಗಿಲನ್ನು ಕಾಯುತ್ತಿದ್ದವು. ವಕೀಲರ ಬಳಿಗೆ ಬರುವ ವ್ಯಾಜ್ಯಗಳಲ್ಲಿ ಸಾಲದ ಕಾಗದ, ಹೊಲದ ಅಡವು, ಬಡ್ಡಿಯ ಲೆಕ್ಕ ಇವುಗಳೇ ಬಹಳ. ವಕೀಲಿಯಿಂದ ಹಣ ಗಳಿಸುವುದಕ್ಕೆ ಇದು ಒಳ್ಳೆಯ ಕ್ಷೇತ್ರವೇ ಸರಿ. ಆದರೆ ಹಳಕಟ್ಟಿಯವರ ಮನಸ್ಸು ವ್ಯಾಜ್ಯವನ್ನು ಗೆಲ್ಲುವುದರಲ್ಲಿ ತೃಪ್ತಿಯನ್ನು ಕಾಣಲಿಲ್ಲ.

ಅದೇ 1904ರಲ್ಲಿ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ಮಾಡಿತ್ತು. ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಕನ್ನಡನಾಡಿನ ಮೊದಲ ಸಂಘವು ಹುಟ್ಟಿತು. ಈ ಕಾಯದೆಯ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ಪಡೆದ ಸಾಲವು ಮುಳುಗಿದರೆ ಉಳಿದವರೆಲ್ಲರೂ ಅದಕ್ಕೆ ಬಾಧ್ಯರು. ಆದುದರಿಂದ ನೆರೆಯವನ ನಡತೆ, ಅವನ ದುಡಿಮೆ, ಅವನ ಮಾತಿನ ಬೆಲೆ ಇವುಗಳನ್ನು ಬಲ್ಲವರೇ ಒಂದೆಡೆ ಕೂಡಬೇಕು. ಅಂಥ ಸಂಘದ ಮೂಲಧನವು ಹಣಕ್ಕಿಂತ ಹೆಚ್ಚಾಗಿ ನಂಬಿಕೆಯೇ ಆಗಿತ್ತು. ಹಳಕಟ್ಟಿಯವರು ಈ ಕಾರ್ಯದಲ್ಲಿ ಮನಃಪೂರ್ವಕವಾಗಿ ತೊಡಗಿದರು. 1912ರಲ್ಲಿ ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಮುಂದಾಳುತನದಲ್ಲಿ ಸ್ಥಾಪಿತವಾಯಿತು. ಒಕ್ಕಲಿಗರಿಗಾಗಿ, ಹತ್ತಿಯ ಮಾರಾಟಕ್ಕಾಗಿ, ನೇಕಾರರಿಗಾಗಿ ಸಂಘಗಳು ಏರ್ಪಟ್ಟವು; ಗ್ರಾಮಗಳ ಸುಧಾರಣೆಗೆಂದೇ ಬೇರೊಂದು ಸಂಘವೂ ನಡೆಯಿತು. ಇದಕ್ಕೂ ಮೊದಲೇ, 1910ರಲ್ಲಿ, ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಅವರ ಪ್ರಯತ್ನದಿಂದ ಹುಟ್ಟಿತ್ತು. ಈ ಬಿ.ಎಲ್.ಡಿ.ಇ. ಸಂಸ್ಥೆಯು ಮುಂದೆ ಬಂಥನಾಳದ ಸಂಗನಬಸವ ಶಿವಯೋಗಿಗಳ ಕೃಪಾಶ್ರಯದಲ್ಲಿ ಬೆಳೆದು ಎಷ್ಟು ದೊಡ್ಡದಾಯಿತೆಂಬುದನ್ನು ಭಕ್ತರು ಬಲ್ಲರು. ನಗರಸಭೆಯಲ್ಲಿಯೂ ಅವರು ದುಡಿದರು. ಭೂತನಾಳ ಕೆರೆಯ ನೀರು ಊರಿಗೆ ಒದಗುವಂತೆ ಶ್ರಮಿಸಿದವರಲ್ಲಿ ಅವರೊಬ್ಬರು. ಮುಂಬಯಿ ಶಾಸನಸಭೆಯ ಸದಸ್ಯತ್ವ, ಸರಕಾರಿ ವಕೀಲಿ ಮುಂತಾದ ಮಾನಗಳೂ ಬಂದವು, ಹೋದವು. ಅವುಗಳನ್ನು ವಿಸ್ತರಿಸುವ ಕಾರಣವಿಲ್ಲ.

ವಚನಗಳ ಗೀಳು ಅವರಿಗೆ ಹತ್ತಿದ್ದು ವಕೀಲಿಗಿಂತ ಮುಂಚೆಯೇ. 1903ರ ಸುಮಾರಿಗೆ, ವಿದ್ಯಾರ್ಥಿದೆಶೆಯಲ್ಲಿಯೇ, ನೇಕಾರರ ಊರಾದ ರಬಕವಿ-ಬನಹಟ್ಟಿಯ ಕಡೆಗೆ ಹೋದಾಗ ಒಂದು ಮನೆಯಲ್ಲಿ ವಚನಗಳ ಹಳೆಯ ಪ್ರತಿಗಳು ಅವರ ಕೈಗೆ ಬಂದವು. ಅಲ್ಲಮಪ್ರಭುದೇವರ ವಚನಗಳು ಅವುಗಳಲ್ಲಿದ್ದವು. ಇಂಗ್ಲೀಷ ವಿದ್ಯೆಯನ್ನು ಕಲಿತ, ಪಾಶ್ಚಾತ್ಯ ತತ್ತ್ವಗ್ರಂಥಗಳ ಪರಿಚಯವಿದ್ದ ತರುಣನು ಆ ಗರಿಗಳನ್ನು ಓದಿ ಬೆರಗಾದನು. ಇಂಥ ವಿಚಾರವು ತನ್ನ ಮನೆಯ ಭಾಷೆಯಲ್ಲಿ ಎಂಟುನೂರು ವರುಷಗಳ ಹಿಂದೆಯೇ ನುಡಿಯಲ್ಪಟ್ಟಿದ್ದರೂ ತನಗೆ ಯಾರೂ ಅದನ್ನು ಕಲಿಸಲಿಲ್ಲವಲ್ಲ ಎಂಬ ವಿಸ್ಮಯವು ಅವರನ್ನು ಜೀವಮಾನವಿಡೀ ಬಿಡಲಿಲ್ಲ.

ಕೋರ್ಟಿಗೆ ಬಿಡುವಾದಾಗಲೆಲ್ಲ ಅವರು ಹಳ್ಳಿಗಳನ್ನು ಸುತ್ತತೊಡಗಿದರು. ಓಲೆಗರಿಯ ಕಟ್ಟೆಂದರೆ ಏನೆಂಬುದನ್ನು ಈಗಿನ ತರುಣರಿಗೆ ವಿವರಿಸಿ ಹೇಳಬೇಕಾಗಿದೆ. ತಾಳೆಯ ಗರಿಗಳನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮೇಲೆ ಕಾಡಿಗೆಯನ್ನು ತಿಕ್ಕುವರು. ಆಗ ಅಕ್ಷರವು ಕಪ್ಪಾಗಿ ಎದ್ದು ಕಾಣುವುದು. ಗರಿಗಳಿಗೆ ರಂಧ್ರ ಮಾಡಿ ದಾರವನ್ನು ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯನ್ನಿಟ್ಟು ಬಿಗಿದು, ಅರಿವೆಯಲ್ಲಿ ಸುತ್ತುವರು. ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ. ವಾಕ್ಯವು ಮುಗಿದ ಗುರುತಿಲ್ಲ. ಓದಲು ಬಾರದವರ ಮನೆಯಲ್ಲಿ ಅದು ಗ್ರಂಥವಾಗಿ ಉಳಿಯದೆ ದೇವರೇ ಆಗಿಬಿಟ್ಟಿತು. ಶ್ರಾವಣದಲ್ಲಿ ವಿಭೂತಿ, ಪತ್ರಿ, ಹೂವು ಏರಿಸಿ ಧೂಪ ತೋರಿಸುವರು, ಬಿಚ್ಚುವುದಿಲ್ಲ. ಬಿಚ್ಚದೆ ಇದ್ದುದರಿಂದ ಒಳಗೆ ಹುಳು ಹಿಡಿದು ಗರಿಯು ಜರಡಿಯಾಗುತ್ತಿತ್ತು. ಎಷ್ಟೋ ಕಟ್ಟುಗಳು ಗೆದ್ದಲಿಗೆ ಆಹುತಿಯಾದವು. ಎಷ್ಟೋ ಕಟ್ಟುಗಳು ಹಳತಾದುವೆಂದು ಭಕ್ತಿಯಿಂದಲೇ ಹೊಳೆಯ ಪಾಲಾದವು. ಭಕ್ತಿಯೇ ಕಾಯ್ದಿತು, ಭಕ್ತಿಯೇ ಕೆಡಿಸಿತು.

ಇಂಥ ಮನೆಯ ಬಾಗಿಲಿಗೆ ಪಟ್ಟಣದ ವಕೀಲನೊಬ್ಬನು ಬಂದು ಕಟ್ಟನ್ನು ಕೇಳಿದರೆ ಒಡೆಯನ ಮನಸ್ಸಿನಲ್ಲಿ ಏನೇನು ಸಂಶಯಗಳು ಏಳಲಾರವು! ಹಳ್ಳಿಯವನಿಗೆ ವಕೀಲನ ಕೈಗೆ ಕಾಗದವನ್ನು ಕೊಡುವುದೆಂದರೇ ಭಯ. ಅದರಲ್ಲಿಯೂ ಇದು ಹಿರಿಯರ ಸೊತ್ತು, ಪೂಜೆಯ ವಸ್ತು. ಮನೆಯಿಂದ ಹೊರಗೆ ಹೋದರೆ ಕೇಡಾದೀತೆಂಬ ಅಂಜಿಕೆ, ಮೈಲಿಗೆಯಾದೀತೆಂಬ ಚಿಂತೆ, ಗುರುಮುಖದಿಂದ ತಿಳಿಯಬೇಕಾದುದನ್ನು ಅಚ್ಚುಹಾಕಿ ಬೀದಿಗೆ ಚೆಲ್ಲುವುದು ಸರಿಯೇ ಎಂಬ ಶಂಕೆ. ಈ ಕೊನೆಯ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದಕ್ಕೂ ಒಂದು ಗೌರವವಿದೆ. ಆದರೆ ಕೇಳುವ ಗುರುವೂ ಓದುವ ಶಿಷ್ಯನೂ ಇಲ್ಲದ ಮನೆಯಲ್ಲಿ ಗರಿಯು ಹುಳುವಿಗೆ ಮಾತ್ರ ಬೋಧೆಯಾಗುವುದನ್ನು ಹಳಕಟ್ಟಿಯವರು ಕಣ್ಣಾರೆ ಕಂಡಿದ್ದರು.

ಸಂಶಯವನ್ನು ಕರಗಿಸಲು ಅವರ ಬಳಿ ಇದ್ದುದು ಅಧಿಕಾರವಲ್ಲ, ಹಣವೂ ಅಲ್ಲ. ಪತ್ತಿನ ಸಂಘ, ಶಾಲೆ, ಹತ್ತಿಯ ಮಾರಾಟ ಇವುಗಳ ನಿಮಿತ್ತದಿಂದ ಹಳ್ಳಿಗಳು ಅವರನ್ನು ಮೊದಲೇ ಅರಿತಿದ್ದವು. ತನಗಾಗಿ ಏನನ್ನೂ ಕಟ್ಟಿಕೊಳ್ಳದ ಮನುಷ್ಯನೆಂಬ ಮಾತು ಅವರ ಹಿಂದೆ ನಡೆಯುತ್ತಿತ್ತು. ಹೀಗೆ ನೋಡಿದರೆ ಅವರ ಸಹಕಾರಿ ಕಾರ್ಯವನ್ನೂ ವಚನಕಾರ್ಯವನ್ನೂ ಎರಡಾಗಿ ಬಗೆಯುವ ಚರಿತ್ರಕಾರರ ರೂಢಿಯು ಅಷ್ಟು ಯುಕ್ತವೆಂದು ತೋರುವುದಿಲ್ಲ. ಒಂದರಲ್ಲಿ ಗಳಿಸಿದ ವಿಶ್ವಾಸವೇ ಮತ್ತೊಂದರಲ್ಲಿ ಖರ್ಚಾಯಿತು. ಮಠಾಧಿಪತಿಗಳು ಭಂಡಾರಗಳನ್ನು ತೆರೆಸಿದರು; ಶಾಲೆಯ ಮಾಸ್ತರರು, ಊರಿನ ಹಿರಿಯರು ಎಲ್ಲಿ ಕಟ್ಟಿದೆಯೆಂಬ ಸುದ್ದಿಯನ್ನು ತಿಳಿಸಿದರು; ಪ್ರತಿಮಾಡಲು ಕೈಗಳು ಒದಗಿದವು. ಇವರಲ್ಲಿ ಬಹುಮಂದಿಯ ಹೆಸರುಗಳು ಯಾವ ಪುಸ್ತಕದಲ್ಲಿಯೂ ಸೇರಲಿಲ್ಲ. 1920ರ ಹೊತ್ತಿಗೆ ಅವರ ಸಂಗ್ರಹದಲ್ಲಿ ಸುಮಾರು ಸಾವಿರ ಓಲೆಗರಿಯ ಕಟ್ಟುಗಳು ಕೂಡಿದ್ದವು. ಒಂದೊಂದು ಕಟ್ಟಿನ ಹಿಂದೆ ಒಂದೊಂದು ಮನೆಯ ಒಪ್ಪಿಗೆ ಇದ್ದಿತೆಂಬುದನ್ನು ಎಣಿಸಿದರೆ ಆ ಸಂಖ್ಯೆಯ ಭಾರವು ತಿಳಿಯುವುದು.

ಸಂಗ್ರಹಕ್ಕಿಂತ ಕಠಿಣವಾದುದು ಓದುವ ಕೆಲಸ. ಒಂದೇ ಕಟ್ಟಿನಲ್ಲಿ ಹಲವರ ವಚನಗಳು ಬೆರೆತಿರುವುವು. ಯಾರ ವಚನವೆಂಬುದನ್ನು ಅಂಕಿತದಿಂದಲೇ ತಿಳಿಯಬೇಕು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಪ್ರಭುದೇವರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿಯವರು: ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಯಾರೂ ಕೇಳರಿಯದ ಅಂಕಿತವು ಕಂಡಾಗ ಅದರ ಒಡೆಯನನ್ನು ಎಲ್ಲಿ ಹುಡುಕಬೇಕು? ಪುರಾಣಗಳನ್ನು, ಬೇರೆ ಬೇರೆ ಊರಿನ ಪ್ರತಿಗಳನ್ನು ಎದುರೆದುರಿಗೆ ಇಟ್ಟು ತೂಗಿನೋಡಬೇಕು. ಹೀಗೆ ತಾಳ್ಮೆಯಿಂದ ದುಡಿದು ಅವರು, ಮೊದಲು ಐವತ್ತರಷ್ಟು ಹೆಸರುಗಳು ಮಾತ್ರ ಗೊತ್ತಿದ್ದಲ್ಲಿ, ಇನ್ನೂರೈವತ್ತಕ್ಕೂ ಮೇಲ್ಪಟ್ಟು ವಚನಕಾರರನ್ನು ಬೆಳಕಿಗೆ ತಂದರೆಂದು ವಿದ್ವಾಂಸರು ಲೆಕ್ಕಹಾಕಿರುತ್ತಾರೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಕಟ್ಟಿಗೆ ಹೊತ್ತ ಮೋಳಿಗೆಯ ಮಾರಯ್ಯ, ಅಕ್ಕಿ ಆಯ್ದ ಮಾರಯ್ಯ-ಲಕ್ಕಮ್ಮ ದಂಪತಿಗಳು, ಇವರೆಲ್ಲರ ನುಡಿಗಳೂ ಜನರ ಕೈಗೆ ಬರುವಂತಾದುದು ಈ ದುಡಿಮೆಯ ಫಲ. ಹೆಚ್ಚಾಗಿ ತಂದ ಅಕ್ಕಿಯನ್ನು ಚೆಲ್ಲಿದ್ದಲ್ಲಿಗೇ ಮರಳಿಸೆಂದು ಗಂಡನನ್ನು ಅಟ್ಟಿದ ಲಕ್ಕಮ್ಮನ ಕಥೆಯನ್ನು ಅಚ್ಚಿಗೆ ಕೊಡುವವನು ತಾನೂ ಲೆಕ್ಕದಲ್ಲಿ ಶುದ್ಧನಾಗಿರಬೇಕಾಗುತ್ತದೆ. ಹಳಕಟ್ಟಿಯವರು ಹಾಗೆಯೇ ಇದ್ದರು.

ವಿಷಯಾನುಸಾರವಾಗಿ ವಚನಗಳನ್ನು ಜೋಡಿಸಿದ ವಚನಶಾಸ್ತ್ರಸಾರದ ಮೊದಲ ಭಾಗವು ಸಿದ್ಧವಾದಾಗ ಅಚ್ಚಿನ ತೊಂದರೆ ಎದುರಾಯಿತು. ಆಗ ಕನ್ನಡದ ಅಂದವಾದ ಮುದ್ರಣಕ್ಕೆ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವೇ ಹೆಸರಾಗಿತ್ತು. ಹಸ್ತಪ್ರತಿಯನ್ನು ಅಲ್ಲಿಗೆ ಕಳುಹಿಸಿದರೆ, ಅದು ಅಚ್ಚಾಗದೆ ಹಿಂದಿರುಗಿ ಬಂದಿತು. ಕೊನೆಗೆ ಬೆಳಗಾವಿಯ ಮುದ್ರಣಾಲಯವೊಂದರಲ್ಲಿ 1923ರಲ್ಲಿ ಗ್ರಂಥವು ಹೊರಬಂದಿತು. ಇಲ್ಲಿ ಒಂದು ಮಾತನ್ನು ಮರೆಯಬಾರದು. ಅದೇ ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಮರುವರ್ಷವೇ ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿಗಳಿಂದ ಕೂಡಿಸಿ ಪ್ರಕಟಿಸಿದರು; ಶರಣರ ಸಾಹಿತ್ಯಕ್ಕೂ ಮುಂದೆ ಬಹಳವಾಗಿ ದುಡಿದರು. ಮುದ್ರಣಾಲಯದ ಬಾಗಿಲು ಮುಚ್ಚಿದ್ದ ಕಡೆಯಿಂದಲೇ ಒಬ್ಬ ಜೊತೆಗಾರನು ಬಂದನು.

ಅನ್ಯರ ಅಚ್ಚಿನಮನೆಯನ್ನು ನಂಬಿ ಈ ಕಾರ್ಯವು ಸಾಗದೆಂದು ಹಳಕಟ್ಟಿಯವರಿಗೆ ಮನದಟ್ಟಾಯಿತು. ತಮ್ಮದೇ ಮುದ್ರಣಾಲಯಕ್ಕೆ ಹಣವೆಲ್ಲಿಂದ? ಇದ್ದ ಮನೆಯನ್ನು ಮಾರಿದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವು ಆರಂಭವಾಯಿತು. ಅಂದಿನಿಂದ ಅವರದು ಬಾಡಿಗೆಯ ಮನೆಯ ಸಂಸಾರ. ಪತ್ನಿ ಭಾಗೀರಥಿಬಾಯಿಯವರ ಸಹನೆಯನ್ನು ಈ ಸಂದರ್ಭದಲ್ಲಿ ನೆನೆಯದೆ ಇರಲಾಗದು. ವಕೀಲನ ಹೆಂಡತಿಯಾಗಿ ಸುಖವಾಗಿ ಬಾಳಬಹುದಾಗಿದ್ದ ತಾಯಿಯು ಮೊಳೆಗಳ ಪೆಟ್ಟಿಗೆ, ಕಾಗದದ ಸಾಲ, ಬಾರದ ಚಂದಾ ಇವುಗಳ ನಡುವೆ ಮನೆಯನ್ನು ನಡೆಸಬೇಕಾಯಿತು.

1926ರಲ್ಲಿ ಶಿವಾನುಭವ ಪತ್ರಿಕೆಯು ಹುಟ್ಟಿತು. ಮೊದಲು ಮೂರು ತಿಂಗಳಿಗೊಮ್ಮೆ, ಅನಂತರ ತಿಂಗಳಿಗೊಮ್ಮೆ ಅದು ಹೊರಟಿತು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಸೇರಿಕೊಂಡಿತು. ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಬಸವಾದಿ ಪ್ರಮಥರ ವಚನಗಳು, ಹರಿಹರನ ರಗಳೆಗಳು, ಶೂನ್ಯಸಂಪಾದನೆ ಮೊದಲಾದ ಗ್ರಂಥಗಳು ಈ ಅಚ್ಚಿನಮನೆಯ ಮೂಲಕವಾಗಿ ನಾಡಿಗೆ ಲಭಿಸಿದವು. ಸಂಪಾದಕರು ಅವರೇ, ಲೇಖಕರಲ್ಲಿ ಮುಖ್ಯರು ಅವರೇ, ಕರಡು ತಿದ್ದುವವರೂ ಅವರೇ. ಪತ್ರಿಕೆಯ ಆದಾಯವು ಎಂದೂ ವೆಚ್ಚವನ್ನು ಮುಟ್ಟಲಿಲ್ಲ. ಚಂದಾದಾರರು ಕೆಲವರು, ಹಣ ಕಳುಹಿಸುವವರು ಅವರಲ್ಲಿಯೂ ಕೆಲವರು. ವಚನಗಳನ್ನು ತಲೆಯ ಮೇಲೆ ಹೊತ್ತು ಮೆರೆಸುವ ಸಮಾಜವು ಅವನ್ನು ಅಚ್ಚುಹಾಕಿದವನ ಕಾಗದದ ಸಾಲವನ್ನು ತೀರಿಸಲು ಮುಂದೆ ಬರಲಿಲ್ಲವೆಂಬುದು ಕಹಿಯಾದ ಸತ್ಯ. ಗರಿಯನ್ನು ಕೊಟ್ಟ ಬಡವನ ಉದಾರತೆಯನ್ನು ರೂಪಾಯಿಯನ್ನು ಕೊಡಬಲ್ಲ ಧನಿಕನಲ್ಲಿ ಹುಡುಕಿದರೆ ಸಿಕ್ಕಿದ್ದು ವಿರಳ. ಆದರೂ ಅಲ್ಲಲ್ಲಿ ಮಠಗಳೂ ಸದ್ಭಕ್ತರೂ ನೀಡಿದ ನೆರವು ಇಲ್ಲದೆ ಇದ್ದರೆ ಪತ್ರಿಕೆಯು ಅಷ್ಟು ಕಾಲ ಬದುಕುತ್ತಿರಲಿಲ್ಲ.

ಈ ನಡುವೆ ವಕೀಲಿಯು ಹಿಂದೆ ಬಿದ್ದಿತು. ಮೈಮೇಲಿನ ಅಂಗಿಯು ಹಳತಾಯಿತು. ಬೀದಿಯಲ್ಲಿ ಅವರನ್ನು ಕಂಡವರಿಗೆ ಇವರೇ ಬ್ಯಾಂಕನ್ನೂ ವಿದ್ಯಾಸಂಸ್ಥೆಯನ್ನೂ ಕಟ್ಟಿದವರೆಂದು ಹೇಳಿದರೆ ನಂಬುಗೆಯಾಗುತ್ತಿರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ 12ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರಿಗೆ ಸಂದಿತು. ಮುದ್ರಣಾಲಯವನ್ನು ತೆರೆದು ಸಾಲಕ್ಕೆ ಸಿಕ್ಕ ವರ್ಷಗಳಲ್ಲಿಯೇ ಈ ಮನ್ನಣೆಯೂ ಬಂದುದು ಗಮನಿಸತಕ್ಕ ಸಂಗತಿ. ಬಹಳ ತಡವಾಗಿ, 1956ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ವಚನಪಿತಾಮಹರೆಂಬ ಬಿರುದನ್ನು ಮಾತ್ರ ಯಾವ ವಿದ್ಯಾಪೀಠವೂ ಕೊಡಬೇಕಾಗಲಿಲ್ಲ. ಅದು ಜನರ ಬಾಯಲ್ಲಿ ನೆಲೆನಿಂತಿತು.

ಅವರ ಪ್ರಕಟಣೆಗಳಲ್ಲಿ ದೋಷಗಳಿಲ್ಲವೆಂದು ಹೇಳುವುದು ಭಕ್ತಿಯ ಅತಿರೇಕವಾದೀತು. ದೊರೆತ ಪ್ರತಿಯನ್ನು ಅದು ಹಾಳಾಗುವ ಮೊದಲು ಅಚ್ಚಿಗೆ ಕೊಡಬೇಕೆಂಬ ಅವಸರದಲ್ಲಿ ಪಾಠಗಳನ್ನು ಪೂರ್ಣವಾಗಿ ಶೋಧಿಸಲು ಸಾಧ್ಯವಾಗದ ಕಡೆಗಳುಂಟು. ಅನಂತರದ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ನೋಡಿ ತಿದ್ದಿದರು. 1993ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಆದರೆ ಹೊಲವನ್ನು ಕಡಿದು ಹದಮಾಡಿದವನು ಬೆಳೆಯ ಸಾಲನ್ನು ಸ್ವಲ್ಪ ಡೊಂಕಾಗಿ ಎಳೆದನೆಂದು ಅವನ ಮೇಲೆ ಮುನಿಯುವವರುಂಟೇ?

ಕೊನೆಯ ವರ್ಷಗಳಲ್ಲಿ ವಯಸ್ಸು ಎಂಬತ್ತು ದಾಟಿತು. ಶಿವಾನುಭವವನ್ನು ಮುಂದುವರಿಸುವ ಶಕ್ತಿಯು ಉಡುಗಿತು. 1964ನೆಯ ಇಸ್ವಿ ಜೂನ್ 29ರಂದು, ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಮೂರು ದಿನಗಳಿರುವಾಗ, ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಜುಲೈ 2ನೆಯ ದಿನವನ್ನು ಕರ್ನಾಟಕದಲ್ಲಿ ವಚನಸಾಹಿತ್ಯ ಸಂರಕ್ಷಣೆಯ ದಿನವಾಗಿ ಆಚರಿಸುತ್ತಾರೆ. ಅವರೇ ಸ್ಥಾಪಿಸಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ನಡೆದುಬಂದಿದ್ದು, ಅವರ ಬರಹಗಳನ್ನು ಸಂಪುಟಗಳಾಗಿ ಪ್ರಕಟಿಸಿದೆ. ಹಳೆಯ ಮನೆಗಳಲ್ಲಿ, ಜಂತಿಯ ಸಂದಿನಲ್ಲಿ, ಜಗುಲಿಯ ಮೂಲೆಯಲ್ಲಿ, ಬಿಚ್ಚದ ಕಟ್ಟುಗಳು ಈಗಲೂ ಒಮ್ಮೊಮ್ಮೆ ದೊರೆಯುತ್ತಿರುತ್ತವೆ.